ಲಿಂಬೆಹಣ್ಣಿನ ಕೊಸರು

ನನ್ನ ಬಲಗೈ ನಡುಗುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಹೇಳದಿದ್ದರೂ ಬ್ಯಾಡಗಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸ್ಟೇಶನ್ ರೋಡಿನ ಸ್ಟುಡಿಯೋದ ಕೊಟ್ರಪ್ಪ ಎಂದರೆ ಮೊದಲೆಲ್ಲ ಜನ "ಛಲೋ ಫೋಟೋ ತಗೀತಾನ" ಎನ್ನುತ್ತಿದ್ದರು. ಈಗ "ಪಾಪ, ಕೈ ನಡಗತೈತಿ" ಎನ್ನುತ್ತಾರೆ. ಆ 'ಪಾಪ' ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾವೇರಿಯ ಡಾಕ್ಟರು ನನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಜೀವಕ್ಕೇನೂ ಧೋಕಾ ಇಲ್ರಿ, ಕಪ್ಪು ಬಸಿ ಹಿಡಿಯುವಾಗ ಅಷ್ಟ ಜ್ವಾಕಿ" ಎಂದರು. ಆವತ್ತಿನಿಂದ ಮನೆಯಲ್ಲಿ ನನಗೆ ಚಹಾ ಲೋಟದಲ್ಲೇ. ಕಪ್ಪು ಬಸಿ ಹಿಡಿಯಲು ನಾನೇನು ಚಹಾದಂಗಡಿ ಇಟ್ಟಿದ್ದೇನೆಯೇ? ನಾನು ಹಿಡಿಯುವುದು ಕ್ಯಾಮೆರಾ.

ಮಗಳು ಶೈಲಶ್ರೀ ಹುಟ್ಟಿದ ವರ್ಷ ಮನೆಯ ಮುಂಭಾಗದಲ್ಲೇ ಸ್ಟುಡಿಯೋ ತೆರೆದೆ, ಅವಳ ಹೆಸರನ್ನೇ ಇಟ್ಟೆ. ಈಗ ಇಬ್ಬರಿಗೂ ಇಪ್ಪತ್ತೇಳು ವರ್ಷ. ಈ ಇಪ್ಪತ್ತೇಳು ವರ್ಷಗಳಲ್ಲಿ ಊರವರ ಎಷ್ಟು ಹೆಣ್ಣುಮಕ್ಕಳ ಮದುವೆ ತೆಗೆದಿದ್ದೇನೋ ಲೆಕ್ಕವಿಲ್ಲ. ಮದುಮಗಳು ಕೋಣೆಯಿಂದ ಹೊರಬಿದ್ದು ಮಂಟಪದವರೆಗೆ ನಡೆದು ಬರುವುದಿದೆಯಲ್ಲ, ಅದೊಂದನ್ನು ಮಾತ್ರ ನಾನು ಯಾರ ಕೈಗೂ ಕೊಟ್ಟವನಲ್ಲ. ಎದುರಿಗೆ ಹಿಮ್ಮುಖವಾಗಿ ನಡೆಯುತ್ತ ತೆಗೆಯಬೇಕು. ಆ ಹೊತ್ತಿನಲ್ಲಿ ಎಂಥ ಗಟ್ಟಿ ಹುಡುಗಿಯ ಮುಖವೂ ಬೇರೆಯಾಗಿರುತ್ತದೆ. ಹಾಗೆ ನಡೆಯುವಾಗಲೆಲ್ಲ, ಒಂದು ದಿನ ನನ್ನ ಶೈಲಾ ಹೀಗೆಯೇ ಬರುತ್ತಾಳೆ, ನಾನು ಹೀಗೆಯೇ ತೆಗೆಯುತ್ತೇನೆ ಎಂದುಕೊಳ್ಳುತ್ತಿದ್ದೆ. ಬೇರೆ ದೊಡ್ಡ ಆಸೆ ನನಗೆ ಇರಲಿಲ್ಲ.

ಆ ದಿನ ಬಂತು. ಹುಡುಗ ಚನ್ನೇಶ, ಕುಮಾರಪಟ್ಟಣದ ಕಾರ್ಖಾನೆಯಲ್ಲಿ ನೌಕರಿ. ಮದುವೆ ರಾಣೆಬೆನ್ನೂರಿನ ಕಲ್ಯಾಣ ಮಂಟಪದಲ್ಲಿ, ಭಾನುವಾರ. ಎಲ್ಲ ಸುಸೂತ್ರ. ಅಷ್ಟರಲ್ಲಿ ನನ್ನ ಹೆಂಡತಿ ನಿರ್ಮಲಾ, ನನ್ನನ್ನು ಒಂದು ಮಾತೂ ಕೇಳದೆ, ವಿಡಿಯೋ ತೆಗೆಯಲು ಹಾವೇರಿಯ ವಿಜಯಮಹಾಂತೇಶನನ್ನು ಗೊತ್ತುಮಾಡಿಬಿಟ್ಟಳು.

"ನಮ್ಮ ಮಗಳ ಲಗ್ನಕ್ಕ ಹಾವೇರಿಯಿಂದ ಯಾಕ ಬರಬೇಕು? ನಾ ಸತ್ತೇನೇನು?" ಎಂದೆ.

"ಅಂಥಾ ಮಾತು ಯಾಕ ಆಡ್ತೀರಿ? ಮದುಮಗಳ ಅಪ್ಪ ಬಾಗಲದಾಗ ಕೈ ಮುಗಕೊಂಡ ನಿಂತು ಬೀಗರನ್ನ ಒಳಗ ಕರೀಬೇಕು. ಕ್ಯಾಮೆರಾ ಹಿಡಕೊಂಡು ಹಿಂದಿಂದಕ ನಡಕೊಂತ ಹೊಂಟ್ರ ಜನ ಏನಂತಾರ?" ಎಂದಳು. ಕೈಯ ಮಾತು ಎತ್ತಲಿಲ್ಲ. ಅವಳು ಅದನ್ನು ಎತ್ತದೇ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು.

ನಡುವೆ ಬಂದವಳು ಶೈಲಾ. ಅವಳು ಮೋಟೆಬೆನ್ನೂರಿನಲ್ಲಿ ಹೈಸ್ಕೂಲ್ ಮೇಡಂ, ಏನೇ ಜಗಳವಿದ್ದರೂ ಅದಕ್ಕೊಂದು ಪರೀಕ್ಷೆ ಇಟ್ಟು ಮುಗಿಸುವುದು ಅವಳ ರೂಢಿ. "ಕೋಣೆಯಿಂದ ಮಂಟಪದ ತನಕ ನಲವತ್ತು ಹೆಜ್ಜಿ ಅದಾವು. ಅಷ್ಟು ಮಾತ್ರ ಅಪ್ಪ ತಗೀಲಿ. ಉಳಿದಿದ್ದು ವಿಜಯಮಹಾಂತೇಶ ಅವರು. ಆದ್ರ ಅಪ್ಪಾ, ಗುರುವಾರ ಒಮ್ಮಿ ತಗದು ತೋರಸಬೇಕು. ಅಳ್ಳಾಡಿದ್ರ ನಾ ಒಪ್ಪಂಗಿಲ್ಲ. ನನ್ನ ಲಗ್ನ ಜೀವಮಾನದಾಗ ಒಮ್ಮೆ ಆಗೂದು."

ಗುರುವಾರಕ್ಕೆ ಒಂಬತ್ತು ದಿನವಿತ್ತು. ನನಗೆ ಜಿದ್ದು ಹತ್ತಿತು.

ವಿಜಯಮಹಾಂತೇಶನ ಬಳಿ ಕ್ಯಾಮೆರಾ ಅಲುಗದಂತೆ ಹಿಡಿಯುವ ಮೋಟಾರಿನ ಗಿಂಬಲ್ ಇದೆ. ಒಳ್ಳೆಯ ಹುಡುಗ, ಕೇಳಿದ ಕೂಡಲೇ ನನ್ನ ಕೈಗೆ ಕೊಟ್ಟ. ಆದರೆ ನನ್ನ ಹಳೆಯ ಕ್ಯಾಮೆರಾದ ಭಾರಕ್ಕೆ ಅದು ಗುಂಯ್ಗುಟ್ಟಿ ಕೂತುಬಿಟ್ಟಿತು. ಅವನ ಕ್ಯಾಮೆರಾ ಹಚ್ಚಿ ಹಿಡಿದರೆ, ನನ್ನ ಕೈ ಒಂದು ಕಡೆ ನಡುಗಿದರೆ ಮೋಟಾರು ಇನ್ನೊಂದು ಕಡೆ ಎಳೆಯಿತು, ಇಬ್ಬರೂ ಸೇರಿ ಹಗ್ಗ ಜಗ್ಗಾಟ ಆಡಿದಂತಾಯಿತು. ಮೋಟಾರಿಲ್ಲದೆ ಬರೀ ತೂಕದ ಮೇಲೆ ನಿಲ್ಲುವಂಥದ್ದನ್ನು ನಾನೇ ಮಾಡುತ್ತೇನೆ ಎಂದು ಹಠ ಮಾಡಿದೆ.

ಮಾಡಿದ್ದು ಇಷ್ಟೇ. ಹಳೆಯ ಟ್ರೈಪಾಡಿನ ಒಂದೂವರೆ ಅಡಿ ಪೈಪು. ಮೇಲೆ ಕ್ಯಾಮೆರಾ ಕೂರಿಸಲು ಒಂದು ಪಟ್ಟಿ, ಅದು ಹಿಂದೆ ಮುಂದೆ ಸರಿಯುತ್ತದೆ. ತಳದಲ್ಲಿ ತೂಕ ಹೇರಲು ಉಕ್ಕಿನ ತಟ್ಟೆ. ನಡುವೆ, ಕ್ಯಾಮೆರಾದ ಸ್ವಲ್ಪ ಕೆಳಗೆ, ಹಿಡಿಕೆ. ಹಿಡಿಕೆಗೂ ಪೈಪಿಗೂ ನಡುವೆ ಎಲ್ಲ ಕಡೆ ಹೊರಳುವ ಬೇರಿಂಗ್. ಅದನ್ನು ಮೆಕ್ಯಾನಿಕ್ ಗೋಣೆಪ್ಪ ಟ್ರ್ಯಾಕ್ಟರಿನ ಯಾವುದೋ ಭಾಗದಿಂದ ಬಿಚ್ಚಿಕೊಟ್ಟ. ಕೈ ಹಿಡಿಯುವುದು ಹಿಡಿಕೆಯನ್ನು. ಪೈಪು ಅದರ ಮೇಲೆ ತನ್ನ ಪಾಡಿಗೆ ತಾನು ತೂಗಿಕೊಂಡಿರುತ್ತದೆ. ಕೈ ಎಷ್ಟು ನಡುಗಿದರೂ ನಡುಕ ಬೇರಿಂಗಿನಲ್ಲೇ ಸತ್ತುಹೋಗಬೇಕು, ಮೇಲಿನ ಕ್ಯಾಮೆರಾಕ್ಕೆ ಹತ್ತಬಾರದು. ನಿರ್ಮಲಾ ಅದನ್ನು ನೋಡಿ, "ಇದ್ಯಾವ ಒನಕಿ ಮಾಡೀರಿ?" ಎಂದಳು. ಆವತ್ತಿನಿಂದ ಮನೆಯಲ್ಲಿ ಅದರ ಹೆಸರು ಒನಕೆ.

ಒನಕೆಗೆ ತೂಕ ಬೇಕಲ್ಲ, ಅದಕ್ಕೆ ಪಕ್ಕದ ಮಹಮೂದಾಬೇಗಂ ಅವರ ಅಂಗಡಿಗೆ ಹೋದೆ. ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಬೇಗಂ ಅಕ್ಕ ಎನ್ನುತ್ತೇನೆ. ನಲವತ್ತು ವರ್ಷದಿಂದ ಕಿರಾಣಿ ಅಂಗಡಿ, ಬೇಳೆಕಾಳು, ಖಾರದಪುಡಿ. ಎಲ್ಲರ ಹಾಗೆ ಅವರಲ್ಲೂ ಈಗ ಕರೆಂಟಿನ ಕಾಟಾ ಇದೆ, ಆದರೆ ಹಳೆಯ ಹಿತ್ತಾಳೆ ತಕ್ಕಡಿಯನ್ನು ಇಳಿಸಿಲ್ಲ, ಗಲ್ಲೆಯ ಮೇಲೆ ಅದು ತೂಗುತ್ತಲೇ ಇರುತ್ತದೆ. ಕಾಟಾದ ಮೇಲೆ ಅವರಿಗೆ ನಂಬಿಕೆ ಕಡಿಮೆ. "ಅದು ಅಂಕಿ ತೋರಸತೈತಿ, ತೂಗಾವ್ರ ಮನಸ್ಸು ತೋರಸಂಗಿಲ್ಲ" ಎನ್ನುತ್ತಾರೆ.

ಮೊದಲ ಸಲ ಅವರ ಹತ್ತಿರ ಒಂದು ಕಿಲೋದ ಕಬ್ಬಿಣದ ತೂಕದ ಕಲ್ಲು ಇಸಿದುಕೊಂಡು ಬಂದು ತಳಕ್ಕೆ ಬಿಗಿದೆ. ಕೆಳಗೆ ಭಾರ ಹೆಚ್ಚಿದ್ದಷ್ಟೂ ಗಟ್ಟಿ ನಿಲ್ಲುತ್ತದೆ ಎಂಬುದು ನನ್ನ ಬುದ್ಧಿ. ನಾಲ್ಕು ಹೆಜ್ಜೆ ನಡೆದು ನಿಂತೆ. ನಾನು ನಿಂತರೂ ಅದು ನಿಲ್ಲಲಿಲ್ಲ. ತೊಟ್ಟಿಲು ತೂಗಿದಂತೆ ಆಚೆ ಈಚೆ ತೂಗಿತು, ತೂಗಿತು. ವಿಡಿಯೋ ನೋಡಿದ ನಿರ್ಮಲಾಳಿಗೆ ತಲೆ ಸುತ್ತಿ ಬಂತು. ತೂಕ ಇಳಿಸಿದೆ, ಮತ್ತೆ ಇಳಿಸಿದೆ. ನಾಲ್ಕನೆಯ ದಿನದ ಹೊತ್ತಿಗೆ ಪರವಾಗಿಲ್ಲ ಎನ್ನುವ ಹದಕ್ಕೆ ಬಂತು.

ಆಗ ರಾಣೆಬೆನ್ನೂರಿಗೆ ಹೋಗಿ ಕಲ್ಯಾಣ ಮಂಟಪ ನೋಡಿಕೊಂಡು ಬಂದೆ. ನನ್ನ ಗ್ರಹಚಾರ. ಮದುಮಗಳ ಕೋಣೆಯಿಂದ ಮಂಟಪಕ್ಕೆ ಬರುವ ದಾರಿ ಬರೀ ಮೂರೂವರೆ ಮೊಳ ಅಗಲ. ನಡುವೆ ಎರಡು ತಿರುವು, ಒಂದು ಕಡೆ ಸಾಲಾಗಿ ಕಿಟಕಿ, ಮುಂಜಾನೆ ಬಿಸಿಲು ನೇರ ಮುಖಕ್ಕೆ. ಇಷ್ಟು ಇಕ್ಕಟ್ಟಿನಲ್ಲಿ ಸಾದಾ ಲೆನ್ಸಿನಲ್ಲಿ ಮಗಳ ಮೂಗು ಬಂದರೆ ಬಾಸಿಂಗ ಬರುವುದಿಲ್ಲ, ಬಾಸಿಂಗ ಬಂದರೆ ಸೀರೆ ಬರುವುದಿಲ್ಲ. ಲೆನ್ಸಿನ ಮುಂದೆ ಅಗಲ ತೋರಿಸುವ ಇನ್ನೊಂದು ದಪ್ಪ ಗಾಜನ್ನು ತಿರುಪಿ ಕೂರಿಸಲೇಬೇಕಾಯಿತು. ಬಿಸಿಲು ತಡೆಯಲು ಅದರ ಮುಂದೆ ಕರಿ ಟೋಪಿಯಂಥ ಹುಡ್. ಎರಡೂ ಸೇರಿ ಅರ್ಧ ಕಿಲೋಕ್ಕೆ ಹತ್ತಿರ, ಅದೂ ಕ್ಯಾಮೆರಾದ ಮೂಗಿನ ತುದಿಗೆ. ಹಚ್ಚಿ ಎತ್ತಿ ಹಿಡಿದರೆ ಒನಕೆ ಮುಂದಕ್ಕೆ ಮುಗ್ಗರಿಸಿ ನೆಲ ನೋಡಿತು. ನಾಲ್ಕು ದಿನದ ಕೆಲಸ ನೀರಿಗೆ ಹೋಯಿತು.

ಸರಿ, ಈ ಸಲ ಅಂದಾಜಿನ ಕೆಲಸ ಬೇಡ, ಲೆಕ್ಕದ ಪ್ರಕಾರವೇ ಹೋಗೋಣ ಎಂದುಕೊಂಡೆ. ಕ್ಯಾಮೆರಾ ಪಟ್ಟಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಿಂದೆ ಸರಿಸಿ ಮೂಗು ಎತ್ತಿಸಿದೆ. ಲೆನ್ಸಿನ ಮುಚ್ಚಳ ಇಟ್ಟು ತೂಗಿದರೆ ಆಮೇಲೆ ತೆಗೆದಾಗ ಲೆಕ್ಕ ತಪ್ಪುತ್ತದೆಂದು ಮುಚ್ಚಳ ತೆಗೆದೇ ತೂಗಿದೆ, ಅಷ್ಟು ಜಾಣ ನಾನು. ಹಿಡಿಕೆಯಿಂದ ಮೇಲಿನದೆಷ್ಟು ಎಳೆಯುತ್ತದೆ, ಕೆಳಗಿನದೆಷ್ಟು ಎಳೆಯುತ್ತದೆ ಎಂದು ಕಾಗದದಲ್ಲಿ ಬರೆದೆ. ತಳಕ್ಕೆ ಬೇಕಾದದ್ದು ಮುನ್ನೂರ ನಲವತ್ತು ಗ್ರಾಂ. ಗೋಣೆಪ್ಪನ ಬಳಿ ಒಂದು ಹಿಡಿ ನಟ್ಟು ಬೋಲ್ಟು ತಂದು ಬೇಗಂ ಅಕ್ಕನ ಮುಂದೆ ಸುರಿದೆ.

"ಅಕ್ಕಾ, ಮುನ್ನೂರಾ ನಲವತ್ತು ತೂಗಿ ಕೊಡ್ರಿ. ಬರೋಬ್ಬರಿ ಇರಬೇಕು."

ಅವರು ಕಾಟಾ ಬಿಟ್ಟು ತಕ್ಕಡಿ ಎಳೆದುಕೊಂಡರು. ಮುಳ್ಳು ಸಮ ನಿಂತಿತು. ಆಮೇಲೆ ಕೈ ತಾನಾಗಿ ಹೋದಂತೆ ಇನ್ನೊಂದು ಚಿಕ್ಕ ಬೋಲ್ಟು ಎತ್ತಿ ನನ್ನ ತಟ್ಟೆಗೆ ಹಾಕಿದರು.

"ಇದ್ಯಾಕ್ರಿ ಅಕ್ಕಾ?"

"ಕೊಸರು."

"ಕೊಸರು ಹಾಕಾಕ ಇದೇನು ತೊಗರಿಬ್ಯಾಳಿ ಏನ್ರಿ? ಲೆಕ್ಕ ಹಾಕೇನಿ ನಾ, ರಾತ್ರಿ ಹಗಲ ಕುಂತು," ಎಂದು ಸ್ವಲ್ಪ ಬಿರುಸಾಗಿಯೇ ಹೇಳಿ ಆ ಬೋಲ್ಟನ್ನು ಗಲ್ಲೆಯ ಮೇಲೆ ಟಣ್ಣನೆ ಇಟ್ಟೆ.

ಅಕ್ಕ ಬೋಲ್ಟನ್ನು ತಮ್ಮ ಎಲೆಅಡಿಕೆ ಡಬ್ಬಿಗೆ ಹಾಕಿಕೊಂಡರು. ಕೊಸರನ್ನು ವಾಪಸು ಕೊಟ್ಟ ಗಿರಾಕಿಯನ್ನು ನಲವತ್ತು ವರ್ಷದಲ್ಲಿ ಅವರು ಅದೇ ಮೊದಲು ನೋಡಿರಬೇಕು.

ಮನೆಗೆ ಬಂದು ತೂಕ ಬಿಗಿದು ನೋಡಿದರೆ, ಏನು ಹೇಳಲಿ, ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕೆನಿಸಿತು. ನೆಟ್ಟಗೆ ನಿಲ್ಲಿಸಿದರೆ ನೆಟ್ಟಗೆ ನಿಂತಿತು. ಓರೆ ಮಾಡಿದರೆ ಓರೆಯಾಗಿಯೇ ನಿಂತಿತು. ಅಡ್ಡ ಮಲಗಿಸಿದರೆ ಅಡ್ಡಡ್ಡ ಗಾಳಿಯಲ್ಲಿ ನಿಂತಿತು. ಮೇಲೂ ಹೆಚ್ಚಿಲ್ಲ, ಕೆಳಗೂ ಹೆಚ್ಚಿಲ್ಲ. ಇದಕ್ಕಿಂತ ಸಮತೋಲ ಇನ್ನೇನು ಬೇಕು? ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಗುರುವಾರ ಸಂಜೆ ಶೈಲಾ ಶಾಲೆಯಿಂದ ಬಂದಳು. ಬೇಗಂ ಅಕ್ಕನ ಅಂಗಡಿಯಿಂದ ಸ್ಟುಡಿಯೋ ಬಾಗಿಲು ದಾಟಿ ಬೀದಿ ಕೊನೆಯವರೆಗೆ ನಲವತ್ತು ಹೆಜ್ಜೆ ಅಳೆದಿಟ್ಟಿದ್ದೆ. ಅವಳು ಮುಂದೆ ಮುಂದೆ ನಡೆದಳು, ನಾನು ಎದುರಿಗೆ ಹಿಮ್ಮುಖವಾಗಿ. ಹತ್ತು ಹೆಜ್ಜೆ ಅಚ್ಚುಕಟ್ಟು. ಹನ್ನೊಂದಕ್ಕೆ ಸ್ವಲ್ಪ ತಿರುಗಿದೆ ನೋಡಿ, ಒನಕೆ ಮೆಲ್ಲಗೆ ಎಡಕ್ಕೆ ವಾಲಿತು. ವಾಲಿದ್ದು ವಾಪಸು ಬರಲಿಲ್ಲ. ಕುಡಿದು ಕಟ್ಟೆಯ ಮೇಲೆ ಒರಗಿದವನ ಹಾಗೆ ಅಲ್ಲೇ ಹಾಯಾಗಿ ಇದ್ದುಬಿಟ್ಟಿತು. ನೆಟ್ಟಗೆ ಮಾಡಲು ಎಡಗೈ ಹಾಕಿದೆ, ಬಲಕ್ಕೆ ಹೊರಳಿತು. ವಿಡಿಯೋದಲ್ಲಿ ಬಂದದ್ದು ಮಗಳ ಒಂದು ಕಿವಿ, ವಿದ್ಯುತ್ ಕಂಬ, ಬೇಗಂ ಅಕ್ಕನ ಅಂಗಡಿಯ ಮೆಣಸಿನಕಾಯಿ ಚೀಲ, ಆಮೇಲೆ ಬಹಳ ಹೊತ್ತು ಆಕಾಶ.

ಶೈಲಾ ಅದನ್ನು ಪೂರ್ತಿ ನೋಡಿದಳು. ಮಕ್ಕಳ ಉತ್ತರಪತ್ರಿಕೆ ಕೂಡ ಅವಳು ಹಾಗೆಯೇ ಕೊನೆಯವರೆಗೆ ಓದುತ್ತಾಳೆ. ಆಮೇಲೆ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು.

"ಅಪ್ಪಾ, ವಿಜಯಮಹಾಂತೇಶ ಅವರ ತಗೀಲಿ ಬಿಡು. ನೀ ನನ್ನ ಬಾಜೂಕ ನಡಕೊಂತ ಬಾ. ಅದೂ ಚೊಲೋನ ಅಲ್ಲ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಅಷ್ಟು ಮೆತ್ತಗೆ ಹೇಳಿದಾಗ ಕ್ಯಾಮೆರಾ ಆರಿಸಿದೆ. ಹೂಂ ಎಂದೆ. ಅವಳು ಒಳಗೆ ಹೋದಳು. ನಾನು ಸ್ಟುಡಿಯೋ ಮೆಟ್ಟಿಲ ಮೇಲೆ ಒನಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಲಗೈ ತನ್ನ ಪಾಡಿಗೆ ತಾನು ನಡುಗುತ್ತಿತ್ತು. ಅದನ್ನು ಕಡಿದು ಹಾಕಬೇಕೆನ್ನುವಷ್ಟು ಸಿಟ್ಟು ಬಂತು.

"ಕೊಟ್ರಪ್ಪಾ, ಇಲ್ಲಿ ಬಾ," ಎಂದು ಬೇಗಂ ಅಕ್ಕ ಕೂಗಿದರು. ಅಂಗಡಿಯಲ್ಲಿ ಕೂತೇ ಎಲ್ಲ ನೋಡಿದ್ದರು.

ಹೋದೆ. ಅವರು ತಕ್ಕಡಿಯ ಒಂದು ಕಡೆ ಅರ್ಧ ಕಿಲೋದ ಕಲ್ಲು ಇಟ್ಟು, ಇನ್ನೊಂದು ಕಡೆ ತೊಗರಿಬೇಳೆ ಸುರಿದು ಮುಳ್ಳನ್ನು ಸಮ ನಿಲ್ಲಿಸಿದರು.

"ಸಮ ಐತಿ?"

"ಐತ್ರಿ."

ಅವರು ಸೆರಗಿನಿಂದ ಸುಮ್ಮನೆ ಗಾಳಿ ಬೀಸಿದರು. ತಕ್ಕಡಿ ಆಚೆ ಹೋಯಿತು, ಈಚೆ ಬಂತು, ಎಲ್ಲಿ ನಿಲ್ಲಬೇಕೆಂದು ಅದಕ್ಕೇ ಗೊತ್ತಾಗದೆ ಹೊಯ್ದಾಡಿತು.

"ನೋಡು, ಮುಳ್ಳು ಸಮ ನಿಂತೈತಿ ಅಂದ್ರ ತಕ್ಕಡಿ ಇನ್ನೂ ಯಾರ ಕಡೀಗೂ ಆಗಿಲ್ಲ. ಹೆಂಗ ದೂಕಿದ್ರ ಹಂಗ ಹೊಕ್ಕೈತಿ. ಅದಕ್ಕ ಕೊಸರು ಹಾಕೂದು." ಮೂರು ಬೆರಳಲ್ಲಿ ಒಂದು ಚಿಟಿಕೆ ಬೇಳೆ ಎತ್ತಿ ಹಾಕಿದರು. ಬೇಳೆಯ ತಟ್ಟೆ ಸಾವಕಾಶ ಇಳಿದು ನಿಂತಿತು. ಮತ್ತೆ ಸೆರಗು ಬೀಸಿದರು. ತಟ್ಟೆ ಸ್ವಲ್ಪ ಎದ್ದು, ಮತ್ತೆ ತನ್ನ ಜಾಗಕ್ಕೆ ಬಂತು. "ಧಪ್ ಅಂತ ಬಿದ್ರ ನನಗ ಲುಕ್ಸಾನು, ಬೀಳದಿದ್ರ ಗಿರಾಕಿಗೆ ಬ್ಯಾಸರ. ಹಿಂಗ, ಮೆಲ್ಲಕ ಇಳೀಬೇಕು. ನಿನ್ನ ಒನಕಿ ಮೊದಲ ಧಪ್ ಅಂತಿತ್ತು. ಈಗ ಯಾರ ಮಾತೂ ಕೇಳವಲ್ದು."

ಇಪ್ಪತ್ತೇಳು ವರ್ಷ ಪಕ್ಕದ ಅಂಗಡಿಯಲ್ಲಿ ಬೇಳೆ ಕಟ್ಟಿಸಿಕೊಂಡು ಹೋಗಿದ್ದೇನೆ, ಒಂದು ದಿನವಾದರೂ ತಕ್ಕಡಿ ಕಡೆ ನೋಡಿದ್ದರೆ ಕೇಳಿ. ಅಕ್ಕ ಎಲೆಅಡಿಕೆ ಡಬ್ಬಿ ತೆರೆದು, ಸುಣ್ಣ ಹತ್ತಿದ್ದ ಆ ಚಿಕ್ಕ ಬೋಲ್ಟನ್ನು ಸೆರಗಿಗೆ ಒರೆಸಿ ನನ್ನ ಅಂಗೈಯಲ್ಲಿಟ್ಟರು.

"ಈ ಸಲ ವಾಪಸ್ ಕೊಟ್ರ ನಿನಗ ಅಂಗಡಿ ಬಂದ್."

ಅದನ್ನು ಅಲ್ಲೇ ತಳದ ತಟ್ಟೆಗೆ ಬಿಗಿದೆವು. ಒನಕೆಯನ್ನು ಅಡ್ಡ ಮಲಗಿಸಿ ಹಿಡಿದು ಬಿಟ್ಟೆ. ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಮಲಗಿದ್ದ ಎಮ್ಮೆ ಏಳುವ ಹಾಗೆ, ಯಾರ ಅವಸರವೂ ಇಲ್ಲದೆ, ಒಂದು, ಎರಡು ಎಣಿಸುವಷ್ಟರಲ್ಲಿ ಎದ್ದು ನೆಟ್ಟಗೆ ನಿಂತಿತು. ತೂಗಲಿಲ್ಲ, ವಾಲಲಿಲ್ಲ. ನಡೆದೆ, ತಿರುಗಿದೆ, ಗಕ್ಕನೆ ನಿಂತೆ. ಅದು ನಿಂತೇ ಇತ್ತು. ಕೆಳಗೆ ಹಿಡಿಕೆಯಲ್ಲಿ ನನ್ನ ಕೈ ನಡುಗುತ್ತಲೇ ಇತ್ತು. ನನಗೆ ನಗು ಬಂತು, ಅಕ್ಕನಿಗೂ ಬಂತು. ಬೀದಿಯಲ್ಲಿ ಹೋಗುವವರು ನಮ್ಮಿಬ್ಬರನ್ನು ನೋಡಿ ಏನು ತಿಳಿದರೋ.

"ಶೈಲಾ, ಹೊರಗ ಬಾ. ಸಪ್ಲಿಮೆಂಟರಿ ಪರೀಕ್ಷಾ ಐತಿ ನಿಮ್ಮಪ್ಪಂದು," ಎಂದು ಕರೆದವರು ಬೇಗಂ ಅಕ್ಕನೇ. ಮತ್ತೆ ನಲವತ್ತು ಹೆಜ್ಜೆ. ಶೈಲಾ ವಿಡಿಯೋವನ್ನು ಎರಡು ಸಲ ನೋಡಿದಳು. ನನ್ನ ಮುಖ ನೋಡಿದಳು. ಮೂರನೆಯ ಸಲ ನೋಡಿದಳು.

"ಪಾಸ್," ಎಂದಳು. ನಿರ್ಮಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು, ಬೆನ್ನು ತಿರುಗಿಸಿ ಒಳಗೆ ಹೋದಳು. ಅವಳ ಒಪ್ಪಿಗೆ ಇಲ್ಲ ಎಂದುಕೊಂಡೆ.

ಭಾನುವಾರ ಬೆಳಗ್ಗೆ ರಾಣೆಬೆನ್ನೂರಿನಲ್ಲಿ ನಿರ್ಮಲಾ ಹೇಳಿದಂತೆಯೇ ಬಾಗಿಲಲ್ಲಿ ನಿಂತು ಕೈ ಮುಗಿದು ಮುಗಿದು ಬೀಗರನ್ನೆಲ್ಲ ಒಳಗೆ ಕರೆದೆ. ಮುಹೂರ್ತಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಮದುಮಗಳ ಕೋಣೆಗೆ ಓಡಿದೆ. ಒನಕೆಯನ್ನು ಅಲ್ಲೇ ಮೂಲೆಯಲ್ಲಿ ಇಟ್ಟಿದ್ದೆ.

ನೋಡಿದರೆ, ಒನಕೆಗೆ ಪೂಜೆಯಾಗಿದೆ. ಕ್ಯಾಮೆರಾ ಹಣೆಗೆ ಮೂರು ಬೆರಳಿನ ವಿಭೂತಿ, ಕುಂಕುಮ. ಹುಡ್ಡಿನ ಸುತ್ತ ದಪ್ಪನೆಯ ಚೆಂಡುಹೂವಿನ ಮಾಲೆ. ಮಾಲೆಯ ತುದಿಗೆ, ಲೆನ್ಸಿನ ಕೆಳಗೆ, ದಾರದಲ್ಲಿ ಪೋಣಿಸಿದ ಒಂದು ದೊಡ್ಡ ಲಿಂಬೆಹಣ್ಣು. ನಮ್ಮ ಕಡೆ ಹೊಸ ಗಾಡಿ ತಂದರೂ, ಹೊಸ ಮಿಕ್ಸರ್ ತಂದರೂ ಲಿಂಬೆಹಣ್ಣು ಕಟ್ಟದೆ ಮೊದಲ ಸಲ ಚಾಲೂ ಮಾಡುವುದಿಲ್ಲ, ಅದು ನನಗೆ ಗೊತ್ತಿರಬೇಕಿತ್ತು. ಎತ್ತಿ ಹಿಡಿದೆ. ಒನಕೆ ಮುಂದಕ್ಕೆ ಬಾಗಿ ನನ್ನ ಕಾಲಿಗೆ ನಮಸ್ಕಾರ ಮಾಡಿತು.

"ಯಾರು ಇದನ್ನ ಮಾಡಿದವ್ರು?" ಎಂದು ಕಿರುಚಿದೆ.

"ನಾ," ಎಂದಳು ನಿರ್ಮಲಾ. ರೇಷ್ಮೆ ಸೀರೆಯಲ್ಲಿ, ಕೈಯಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. "ಇಷ್ಟು ಮಂದಿ ಬಂದಾರ. ಎಲ್ಲಾರ ಕಣ್ಣು ನಿಮ್ಮ ಕೈ ಮ್ಯಾಲ ಇರತಾವು. ನಿಮ್ಮ ಕೈಗೆ ಯಾರದೂ ದೃಷ್ಟಿ ತಾಗಬಾರದು ಅಂತ ಕಟ್ಟೀನಿ. ಮದುಮಕ್ಕಳ ಮ್ಯಾಲ ಅಕ್ಕಿಕಾಳು ಬೀಳೋ ತನಕ ಅದನ್ನ ತಗೀಬ್ಯಾಡ್ರಿ. ನನ್ನ ಆಣಿ ಐತಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಇಷ್ಟು ದಿನ ನನ್ನ ಕೈಯ ಬಗ್ಗೆ ಬಾಯಿ ಬಿಡದೆ ಇದ್ದವಳು, ಬೆಳಗ್ಗೆ ಇಷ್ಟು ಗದ್ದಲದಲ್ಲಿ ನನ್ನ ನಡುಗುವ ಕೈಯನ್ನು ನೆನೆದು ಮಾಲೆ ಕಟ್ಟಿದ್ದಾಳೆ. ಅವಳ ಮೇಲೆ ತುಂಬ ಪ್ರೀತಿ ಬಂತು. ಆದರೆ ಪ್ರೀತಿಗೂ ತೂಕವಿರುತ್ತದೆ, ಅದು ಈಗ ಲೆನ್ಸಿನ ತುದಿಯಲ್ಲಿ ಜೋತಾಡುತ್ತಿತ್ತು. ಹೊರಗೆ ಸನಾದಿ ಶುರುವಾಯಿತು. ಶೈಲಾಳ ಸೋದರಮಾವ ಬಾಗಿಲ ಬಳಿ ಬಂದು ನಿಂತರು. ಬಾಸಿಂಗ ಕಟ್ಟಿಕೊಂಡ ಶೈಲಾ ಒಮ್ಮೆ ಅವ್ವನನ್ನು, ಒಮ್ಮೆ ನನ್ನನ್ನು ನೋಡಿದಳು. ವಿಜಯಮಹಾಂತೇಶ ತನ್ನ ಕ್ಯಾಮೆರಾ ಎತ್ತಿ, "ಸರ್, ನಾ ತಗೊಳ್ಲೇನ್ರಿ?" ಎಂದು ಮರ್ಯಾದೆಯಿಂದಲೇ ಕೇಳಿದ. ನಾನು ಇನ್ನೇನು ಹೂಂ ಅನ್ನಬೇಕು.

"ತಡೀರಿ," ಎಂದವರು ಬೇಗಂ ಅಕ್ಕ. ಹೆಂಗಸರ ಗುಂಪಿನಿಂದ ಎದ್ದು ಬಂದು ಒನಕೆಯ ಮುಂದೆ ಕೂತರು. "ನಿರ್ಮಲವ್ವಾ, ತಗೀಬ್ಯಾಡ್ರಿ ಅಂದೀದಿ. ಜಾಗಾ ಬದಲಿ ಮಾಡಬ್ಯಾಡ್ರಿ ಅಂದಿಲ್ಲಲ್ಲ?"

ನಿರ್ಮಲಾ ಒಂದು ಗಳಿಗೆ ಯೋಚಿಸಿ, "ಇಲ್ರಿ ಅಕ್ಕಾ," ಎಂದಳು.

ಅಕ್ಕ ಮಾಲೆಯನ್ನು ಹುಡ್ಡಿನಿಂದ ಹಿಂದಕ್ಕೆ ಸರಿಸಿ ಕ್ಯಾಮೆರಾ ಮೈಮೇಲೆ ಆ ಕಡೆ ಅರ್ಧ ಈ ಕಡೆ ಅರ್ಧ ಬರುವಂತೆ ಹಾಕಿದರು. ಮೂಗು ಮೇಲೆದ್ದಿತು. ಆದರೆ ಮಾಲೆಯ ಭಾರದಿಂದ ಈಗ ಮೇಲ್ಭಾಗ ಜಡವಾಯಿತು, ಬೋಲ್ಟಿನ ಕೊಸರು ಸಾಲದೆ ಒನಕೆ ಮತ್ತೆ ಹಳೇ ಕುಡುಕನಂತೆ ವಾಲತೊಡಗಿತು. ಅಕ್ಕ ಲಿಂಬೆಹಣ್ಣನ್ನು ಬಿಚ್ಚಿ ಅಂಗೈಯಲ್ಲಿ ಒಮ್ಮೆ ತೂಗಿ ನೋಡಿದರು. ಆಮೇಲೆ ಅದೇ ದಾರದಿಂದ ತಳದ ತಟ್ಟೆಗೆ, ಬೋಲ್ಟಿನ ಪಕ್ಕಕ್ಕೆ, ಅಳ್ಳಾಡದಂತೆ ಬಿಗಿದು ಕಟ್ಟಿದರು.

"ಬಿಡು ಈಗ," ಎಂದರು.

ಅಡ್ಡ ಮಲಗಿಸಿ ಬಿಟ್ಟೆ. ಕೋಣೆಯಲ್ಲಿದ್ದ ಹೆಂಗಸರೆಲ್ಲ ಬಗ್ಗಿ ನೋಡಿದರು. ಒಂದು. ಎರಡು. ಒನಕೆ ಮೆಲ್ಲಗೆ ಎದ್ದು, ಲಿಂಬೆಹಣ್ಣನ್ನು ಕಾಲಡಿ ಇಟ್ಟುಕೊಂಡು, ನೆಟ್ಟಗೆ ನಿಂತಿತು.

ಆಮೇಲಿನದು ನಲವತ್ತು ಹೆಜ್ಜೆ. ನಾನು ಹಿಮ್ಮುಖ. ವಿಜಯಮಹಾಂತೇಶ ಹಿಂದಿನಿಂದ ನನ್ನ ಸೊಂಟ ಹಿಡಿದು, "ಬಲಕ್ಕ ಸರ್. ಇಲ್ಲೊಂದು ಹೊಸ್ತಲ ಐತ್ರಿ. ಈಗ ಸೀದಾ," ಎಂದು ಮೆಲ್ಲಗೆ ಹೇಳುತ್ತ ಬಂದ. ಮೊದಲ ತಿರುವು ದಾಟಿದೆ. ಕಿಟಕಿಯ ಬಿಸಿಲು ಶೈಲಾಳ ಮುಖದ ಮೇಲೆ ಬಂತು, ಹೋಯಿತು, ಬಂತು. ಎಷ್ಟೋ ಮನೆಯ ಮಕ್ಕಳ ಮುಖದಲ್ಲಿ ನೋಡಿದ್ದನ್ನು ಈಗ ನನ್ನ ಮಗಳ ಮುಖದಲ್ಲಿ ನೋಡಿದೆ. ನನ್ನ ಕಣ್ಣು ತುಂಬಿ ಪರದೆಯೇ ಮಸುಕಾಯಿತು, ಕೈ ಹಿಂದೆಂದೂ ಇಲ್ಲದಷ್ಟು ನಡುಗಿತು. ಎರಡನೆಯ ತಿರುವು. ಮೂವತ್ತೆಂಟನೆಯ ಹೆಜ್ಜೆಗೆ ಶೈಲಾ ಕಣ್ಣು ಇಳಿಸಿ ಕೆಳಗೆ ಏನನ್ನೋ ನೋಡಿದಳು. ಬಾಸಿಂಗದ ಮುತ್ತಿನ ಎಳೆಗಳು ಕುಣಿಯುವಷ್ಟು ನಕ್ಕಳು. ನಲವತ್ತಕ್ಕೆ ಒನಕೆಯನ್ನು ಬೇಗಂ ಅಕ್ಕನ ಕೈಗೆ ಕೊಟ್ಟು, ಕಣ್ಣೊರೆಸಿಕೊಂಡು, ನಿರ್ಮಲಾಳ ಪಕ್ಕ ಹೋಗಿ ನಿಂತೆ. ಅಕ್ಕಿಕಾಳು ಬಿದ್ದವು.

ಎಂಟು ದಿನದ ಮೇಲೆ ಮಗಳು ಅಳಿಯ ಬ್ಯಾಡಗಿಗೆ ಬಂದಾಗ ಸ್ಟುಡಿಯೋದಲ್ಲಿ ಎಲ್ಲರೂ ಕೂತು ವಿಡಿಯೋ ನೋಡಿದೆವು. ಗೋಣೆಪ್ಪ ಬಂದಿದ್ದ, ಬೇಗಂ ಅಕ್ಕ ಅಂಗಡಿ ಬಾಗಿಲು ಎಳೆದುಕೊಂಡು ಬಂದಿದ್ದರು. ವಿಜಯಮಹಾಂತೇಶನೂ ಹಾವೇರಿಯಿಂದ ಬಂದಿದ್ದ, ಒನಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಸರ್, ಇದರ ಬ್ಯಾಟರಿ ಚಾರ್ಜು ಎಷ್ಟೊತ್ತು ಬರತೈತ್ರಿ?" ಎಂದು ಕೇಳಿದ. "ಲಿಂಬೆಹಣ್ಣು ಒಣಗೂತನಕ," ಎಂದರು ಬೇಗಂ ಅಕ್ಕ.

ನಲವತ್ತು ಹೆಜ್ಜೆ ಬಂತು. ನಾನು ಅಳುತ್ತ ತೆಗೆದದ್ದು ಎಂದು ಯಾರೂ ಹೇಳುವಂತಿರಲಿಲ್ಲ. ಚಿತ್ರ ನೀರಿನ ಮೇಲೆ ತೇಲಿದಂತೆ ಬಂದಿತ್ತು. ಮೂವತ್ತೆಂಟನೆಯ ಹೆಜ್ಜೆಗೆ ಶೈಲಾ ಕೆಳಗೆ ನೋಡಿ ನಕ್ಕಾಗ ಎಲ್ಲರೂ ಏನು, ಏನು ಎಂದು ಕೇಳಿದರು.

"ಲಿಂಬೆಹಣ್ಣು ಕಂಡು ನಕ್ಕಾಳ, ಮತ್ತೇನ," ಎಂದಳು ನಿರ್ಮಲಾ.

"ಮೊದಲ ಅಪ್ಪನ ಕೈ ನೋಡಿದೆ," ಎಂದಳು ಶೈಲಾ. "ಬಾಳ ನಡಗಾಕತ್ತಿತ್ತು. ನನಗ ಅಳು ಬಂತು. ಆಮ್ಯಾಲ ಅದರ ಕೆಳಗ ಲಿಂಬೆಹಣ್ಣು ನೋಡಿದೆ. ಅದು ಒಂಚೂರೂ ಅಳ್ಳಾಡಿರಲಿಲ್ಲ. ಅಪ್ಪ ಗೆದ್ದ ಅಂತ ಗೊತ್ತಾತು, ಅದಕ್ಕ ನಕ್ಕೆ."

ನಿರ್ಮಲಾ ಎದ್ದು ಹೋಗಿ ಚಹಾ ತಂದಳು. ಎಲ್ಲರಿಗೂ ಲೋಟದಲ್ಲಿ ಕೊಟ್ಟು, ನನಗೆ ಮಾತ್ರ ಎಷ್ಟೋ ತಿಂಗಳ ಮೇಲೆ ಕಪ್ಪು ಬಸಿಯಲ್ಲಿ ಕೊಟ್ಟಳು. ಬಸಿಯ ಮೇಲೆ ಕಪ್ಪು ಟಿಕಿಟಿಕಿ ಎನ್ನುತ್ತಿತ್ತು. ಸ್ವಲ್ಪ ಚೆಲ್ಲಿತು. ನಾನು ಬಸಿಗೆ ಚೆಲ್ಲಿದ್ದನ್ನೂ ಬಿಡದೆ ಕುಡಿದೆ.